ಬೆಚ್ಚಗಿದ್ದ ಗೋಡೆ

"ಅದನ್ನ ಹಾಗೆ ಬಿಚ್ಚಬಾರದು. ಮೊದಲು ಕೆಳಗಿನ ಸ್ಕ್ರೂ ತೆಗೀಬೇಕು," ಎಂದ ವಾರೆನ್ ಕ್ರಾಬ್‌ಟ್ರೀ.

"ನಿಮ್ಮನ್ನ ಯಾರಾದ್ರೂ ಕೇಳಿದ್ರಾ?" ಎಂದಳು ಗ್ವೆನ್ ಪಿಕರ್ಸ್‌ಗಿಲ್, ತಿರುಗಿಯೂ ನೋಡದೆ. ಹೇಳಿದ್ದೇನೋ ಹಾಗೆ. ಕೈ ಮಾತ್ರ ಕೆಳಗಿನ ಸ್ಕ್ರೂ ಕಡೆಗೇ ಹೋಯಿತು.

ವಾರೆನ್ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ಭಾರಿ ಆಳು. ಇಡೀ ಹ್ಯಾಲಿಫ್ಯಾಕ್ಸ್‌ನಲ್ಲಿ ಮನೆ ಬೆಚ್ಚಗಿಡುವ ಬಾಯ್ಲರನ್ನು ತನ್ನಷ್ಟು ಚೆನ್ನಾಗಿ ಕೂರಿಸುವವನಿಲ್ಲ ಎಂದು ಕೇಳದವರಿಗೂ ಹೇಳುವ ಸ್ವಭಾವ. ಈಗ ಅವನ ಮುಖ ಹಳೇ ಗೋಡೆಯ ಸುಣ್ಣದ ಬಣ್ಣಕ್ಕೆ ತಿರುಗಿತ್ತು.

ಡಿಟೆಕ್ಟಿವ್ ಸಾರ್ಜೆಂಟ್ ಮೆರಿಯಲ್ ಬ್ಯಾರಕ್ಲಫ್ ಬಾಯ್ಲರನ್ನು ನೋಡುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ಆ ಮುಖವನ್ನು. ಅದಕ್ಕೆಂದೇ ಅವನನ್ನು ಇಲ್ಲಿಗೆ ಕರೆತಂದಿದ್ದಳು.

ಭಾನುವಾರ ಬೆಳಿಗ್ಗೆ ಈ ಮನೆಯ ಮಹಡಿಯ ಕೋಣೆಯಲ್ಲಿ ವಾರೆನ್‌ನ ಅತ್ತೆ ನೋರಾ ಹೆಬಲ್‌ತ್ವೇಟ್ ವಿಷಗಾಳಿ ಕುಡಿದು ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಅವಳು ಇನ್ನೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ಈ ಮನೆಗೆ ಬಾಯ್ಲರ್ ಕೂರಿಸಿದವನು ವಾರೆನ್. ಹೊಸ ವರ್ಷದ ಹಿಂದಿನ ಸಂಜೆ ಕ್ಲಬ್ಬಿನಲ್ಲಿ, ಡಾಮಿನೋಸ್ ಆಡುತ್ತಿದ್ದವರೆಲ್ಲರ ಎದುರು, "ಹಾಗೇ ತಿರುಗಿಸ್ತಾ ಇರಿ ಅತ್ತೆ, ಒಂದಿನ ಆ ಬಾಯ್ಲರೇ ನಿಮ್ಮನ್ನ ಮುಗಿಸುತ್ತೆ" ಎಂದು ಕೂಗಾಡಿದವನೂ ಅವನೇ.

ಮೇಲಧಿಕಾರಿಗೆ ಅಷ್ಟೇ ಸಾಕಾಗಿತ್ತು. ಇವತ್ತೇ ಕೇಸು ಹಾಕು ಎಂದಿದ್ದ.

ಗ್ವೆನ್ ಗ್ಯಾಸ್ ಸುರಕ್ಷತೆಯ ಪರೀಕ್ಷಕಿ. ತೆಳ್ಳಗಿನ ಹೆಂಗಸು, ಮಾತು ಕಡಿಮೆ, ಆಡಿದರೆ ಒರಟು. ಬಾಯ್ಲರಿನ ಬಿಳಿ ಮುಚ್ಚಳ ತೆಗೆದು ನೆಲಕ್ಕಿಟ್ಟು, ದೀಪ ಹಿಡಿದು ಒಳಗೆ ಇಣುಕಿದಳು. ಹೊಗೆ ಕೊಳವೆಯ ಸುತ್ತಲಿನ ರಬ್ಬರ್ ಪಟ್ಟಿಯ ಮೇಲೆ ಬೆರಳಾಡಿಸಿದಳು. ಆಮೇಲೆ ವಿಷಗಾಳಿ ಅಳೆಯುವ ಮೀಟರಿನ ಉದ್ದನೆಯ ಮೂತಿಯನ್ನು ಕೊಳವೆಯ ತೂತಿಗೆ ತೂರಿಸಿ, "ಹಚ್ಚಿ," ಎಂದಳು.

ಮೆರಿಯಲ್ ಗುಂಡಿ ಒತ್ತಿದಳು. ಒಳಗೆ ಫ್ಯಾನು ಗುಂಯ್ ಎಂದಿತು, ಟಿಕ್ ಟಿಕ್ ಸದ್ದಾಯಿತು, ನೀಲಿ ಜ್ವಾಲೆ ಹತ್ತಿಕೊಂಡಿತು. ಭಾನುವಾರದಿಂದ ಆರಿದ್ದ ಮನೆ ಅದು. ಮೂವರ ಬಾಯಿಂದಲೂ ಉಸಿರು ಬೆಳ್ಳಗೆ ಹೊರಬರುತ್ತಿತ್ತು.

ಮೀಟರಿನ ಅಂಕಿ ಏರಿತು, ಇಳಿಯಿತು, ನಿಂತಿತು.

ಗ್ವೆನ್ ಮತ್ತೊಮ್ಮೆ ನೋಡಿದಳು. ಮೀಟರನ್ನು ಅಡುಗೆಮನೆಯ ಗಾಳಿಯಲ್ಲಿ ಅತ್ತಿತ್ತ ಆಡಿಸಿ ನೋಡಿದಳು. ಹಿತ್ತಲಿಗೆ ಹೋಗಿ ಗೋಡೆಯಿಂದ ಹೊರಚಾಚಿದ್ದ ಕೊಳವೆಯ ಬಾಯಿ ಪರೀಕ್ಷಿಸಿ, ಬೂಟಿನ ಹಿಮ ಕೊಡವುತ್ತ ಒಳಬಂದಳು.

"ಏನೂ ಇಲ್ಲ," ಎಂದಳು.

"ಏನೂ ಇಲ್ಲ ಅಂದ್ರೆ?"

"ಏನೂ ತಪ್ಪಿಲ್ಲ ಅಂತ. ಇದು ಉಸಿರಾಡೋದೇ ಹೊರಗಿನ ಗಾಳೀನ, ಸಾರ್ಜೆಂಟ್. ಕೊಳವೆಯೊಳಗೆ ಇನ್ನೊಂದು ಕೊಳವೆ ಇದೆ. ಹೊರಗಿನದರಲ್ಲಿ ಗಾಳಿ ಒಳಗೆ ಬರುತ್ತೆ, ಒಳಗಿನದರಲ್ಲಿ ಹೊಗೆ ಹೊರಗೆ ಹೋಗುತ್ತೆ. ಮಧ್ಯೆ ಬೆಂಕಿ ಉರಿಯೋ ಪೆಟ್ಟಿಗೆಗೆ ಬಿಗಿಯಾಗಿ ಮುಚ್ಚಳ ಹಾಕಿದೆ. ಮನೆಯ ಗಾಳಿ ಒಂದು ಗುಟುಕೂ ಒಳಗೆ ಹೋಗಲ್ಲ, ಅದರ ಹೊಗೆ ಒಂದು ಗುಟುಕೂ ಮನೆಗೆ ಬರಲ್ಲ. ಯಾರಾದ್ರೂ ಹೊರಗಿನ ಬಾಯಿಗೆ ಬಟ್ಟೆ ತುರುಕಿದ್ರೆ ಅದೇ ಆರಿಹೋಗುತ್ತೆ."

"ಯಾರಾದರೂ ಕೆಡಿಸಿ, ಆಮೇಲೆ ಸರಿ ಮಾಡಿದ್ದರೆ?"

"ಈ ಪಟ್ಟಿ ಕಿತ್ತು ಮತ್ತೆ ಹಾಕಿದ್ರೆ ಗುರುತು ಉಳೀತದೆ. ಇದು ಕೂರಿಸಿದ ದಿನದಿಂದ ಅಲುಗಾಡಿಲ್ಲ." ಗ್ವೆನ್ ಮೊದಲ ಸಲ ವಾರೆನ್‌ನತ್ತ ನೋಡಿದಳು. "ಕೆಲಸ ಚೆನ್ನಾಗಿ ಮಾಡಿದ್ದೀರಿ. ಮಾತು ಸ್ವಲ್ಪ ಕಡಿಮೆ ಮಾಡಬಹುದು."

ವಾರೆನ್ ಅಲ್ಲೇ ಇದ್ದ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕುಸಿದು ಕೂತ. ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಹೆಗಲು ಅದುರುತ್ತಿತ್ತು.

ಮೆರಿಯಲ್ ಅದನ್ನು ಎಚ್ಚರಿಕೆಯಿಂದ ನೋಡಿದಳು. ತಪ್ಪಿಸಿಕೊಂಡೆನೆಂಬ ಖುಷಿ ಹಾಗಿರುವುದಿಲ್ಲ. ಇದು ತಾನೇ ತಪ್ಪಿತಸ್ಥನೇನೋ ಎಂದು ನಾಲ್ಕು ದಿನ ನಿದ್ದೆಗೆಟ್ಟವನ ಅಳು.

ಅವಳಿಗೂ ಎದೆಯ ಮೇಲಿನ ಕಲ್ಲೊಂದು ಸರಿದಂತಾಯಿತು. ಇವನ ಮೇಲೆ ಕೇಸು ಹಾಕಿಬಿಟ್ಟಿದ್ದರೆ?

ಬಾಯ್ಲರಿನ ಪಕ್ಕದ ಗೋಡೆಯಲ್ಲಿ ವಿಷಗಾಳಿಯ ಅಲಾರಂ ಇತ್ತು. ಭಾನುವಾರ ಅದು ಕೂಗಿರಲಿಲ್ಲ. ವಾರೆನ್ನೇ ಕೆಡಿಸಿರಬೇಕು ಎಂದು ಠಾಣೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಗ್ವೆನ್ ತನ್ನ ಚೀಲದಿಂದ ಪರೀಕ್ಷೆಯ ಗಾಳಿ ಡಬ್ಬಿ ತೆಗೆದು ಅದರ ಮೂತಿಗೆ ಹಿಡಿದಳು. ಕಿವಿ ಕಿತ್ತುಹೋಗುವಂತೆ ಕೂಗಿತು.

"ಇದೂ ಸರಿಯಾಗಿದೆ."

"ಅಂದರೆ ವಿಷಗಾಳಿ ಈ ಅಡುಗೆಮನೆಗೆ ಬರಲೇ ಇಲ್ಲ," ಎಂದಳು ಮೆರಿಯಲ್ ನಿಧಾನವಾಗಿ.

"ಬರಲಿಲ್ಲ."

"ಆದರೆ ನೋರಾಳ ರಕ್ತದಲ್ಲಿ ಇತ್ತು."

"ಅದು ನಿಮ್ಮ ಕೆಲಸ," ಎಂದು ಗ್ವೆನ್ ಮುಚ್ಚಳವನ್ನು ಎತ್ತಿ ಕೂರಿಸತೊಡಗಿದಳು.

*

ನೋರಾಳ ಮಲಗುವ ಕೋಣೆ ಮಹಡಿಯ ಹಿಂಬದಿಗಿತ್ತು. ಕಬ್ಬಿಣದ ಹಳೇ ಮಂಚ, ಮೇಲೆ ಕೈಹೊಲಿಗೆಯ ರಜಾಯಿ. ಮಂಚದ ತಲೆಭಾಗ ಚಿಮಣಿ ಗೋಡೆಗೆ ತಾಗಿತ್ತು. ಅಲ್ಲಿ ಹಿಂದೆ ಕಲ್ಲಿದ್ದಲಿನ ಒಲೆಯಿತ್ತು. ಯಾವುದೋ ಕಾಲದಲ್ಲಿ ಅದಕ್ಕೆ ಹಲಗೆ ಹೊಡೆದು ಬಣ್ಣ ಬಳಿದಿದ್ದರು. ಕಿಟಕಿ ಮಾತ್ರ ಆಂಬುಲೆನ್ಸಿನವರು ತೆರೆದಿಟ್ಟದ್ದು ಹಾಗೇ ತೆರೆದಿತ್ತು. ಅಂಚಿಗೆಲ್ಲ ನೋರಾ ಚಳಿಗಾಳಿ ಬಾರದಂತೆ ಅಂಟಿಸಿದ್ದ ಟೇಪು ಹರಿದು ಜೋತಾಡುತ್ತಿತ್ತು.

ಮೆರಿಯಲ್ ಕಿಟಕಿಯ ಕೆಳಗಿನ, ಬಾಯ್ಲರಿನ ಬಿಸಿನೀರು ಹರಿಯುವ ರೇಡಿಯೇಟರ್ ಮುಂದೆ ಮಂಡಿಯೂರಿದಳು. ಭಾನುವಾರವೂ ನೋಡಿದ್ದ ಜಾಗ. ಆದರೆ ಭಾನುವಾರ ಅವಳಿಗೆ ಒಂದು ವಿಷಯ ಗೊತ್ತಿರಲಿಲ್ಲ. ನಿನ್ನೆ ಸಂಜೆ ನೋರಾಳ ಮಗಳು, ವಾರೆನ್‌ನ ಹೆಂಡತಿ ಜೋಸಿ ಮಾತಿನ ನಡುವೆ ಹೇಳಿದ್ದಳು: "ನಮ್ಮಮ್ಮ ಶುಕ್ರವಾರ ಬಂತು ಅಂದ್ರೆ ಗೋಡೆ ಬುಡದ ಹಲಗೆಗಳನ್ನೆಲ್ಲ ಒರೆಸ್ತಾಳೆ. ಭೂಕಂಪ ಆದ್ರೂ ಬಿಡಲ್ಲ."

ರೇಡಿಯೇಟರಿನ ಒಂದು ತುದಿಯ ಕೆಳಗೆ, ಬಿಳಿ ಹಲಗೆಯ ಮೇಲೆ, ಕಪ್ಪು ನೀರಿನ ಹನಿ ಇಳಿದ ಗುರುತಿತ್ತು. ಬೆರಳು ಹಚ್ಚಿದರೆ ಮಸಿ ಹತ್ತಿತು.

"ವಾರೆನ್, ಇಲ್ಲಿ ಬನ್ನಿ."

ಅವನು ಮೆಟ್ಟಿಲು ಹತ್ತಿ ಬಂದ. ಕಣ್ಣು ಕೆಂಪಗಿದ್ದರೂ ಮುಖಕ್ಕೆ ರಕ್ತ ಮರಳಿತ್ತು.

"ಇದೇನು?"

ಅವನು ನೋಡಿದ.

"ಕ್ರಿಸ್‌ಮಸ್ ಆದಮೇಲೆ ಈ ಮನೆ ಹೊಸಿಲು ತುಳಿದಿಲ್ಲ ಅಂತ ನನ್ನೆದುರು ಎರಡು ಸಲ ಹೇಳಿದ್ರಿ. ರೇಡಿಯೇಟರಿನಿಂದ ಗಾಳಿ ಬಿಟ್ಟಾಗ ಇಂಥ ಕಪ್ಪು ನೀರು ಚಿಮ್ಮುತ್ತೆ ಅಂತ ನನಗೂ ಗೊತ್ತು. ಶುಕ್ರವಾರ ನಿಮ್ಮತ್ತೆ ಇದನ್ನ ಒರೆಸಿದ್ದಾರೆ. ಭಾನುವಾರ ಬಿದ್ದಿದ್ದಾರೆ. ಮಧ್ಯೆ ಶನಿವಾರ ಒಂದೇ ಉಳೀತು."

"ಅತ್ತೇನೇ ಗಾಳಿ ಬಿಟ್ಕೊಂಡಿರಬಹುದು."

"ಅವರ ಬೆರಳು ಸಂಧಿವಾತದಿಂದ ಸೊಟ್ಟಗಾಗಿವೆ. ಗಾಳಿ ಬಿಡೋ ಆ ಚಿಕ್ಕ ಕೀಲಿ ತಿರುಗಿಸೋಕೆ ಆಗುತ್ತಾ?"

ವಾರೆನ್ ಕಿಟಕಿಯತ್ತ ತಿರುಗಿದ. ಹೊರಗೆ ಗುಡ್ಡದ ಇಳಿಜಾರಿನುದ್ದಕ್ಕೂ ಸಾಲುಮನೆಗಳು ಹಿಮ ಹೊದ್ದು ಕೂತಿದ್ದವು.

"ವಾರೆನ್, ಬಾಯ್ಲರ್ ಸರಿಯಿದೆ ಅಂತ ಈಗ ತಾನೇ ಗೊತ್ತಾಯ್ತು. ಆದರೆ ನೀವು ಸುಳ್ಳು ಹೇಳಿದ್ದು ಹಾಗೇ ಇದೆ. ಶನಿವಾರ ಇಲ್ಲಿಗೆ ಬಂದು ಏನು ಮಾಡಿದ್ರಿ?"

"ಹೇಳಿದ್ರೆ ನಗ್ತೀರಿ."

"ನಗೋ ಮನಸ್ಸಿನಲ್ಲಿಲ್ಲ ನಾನು."

"ಅತ್ತೆ ಶನಿವಾರ ಬೆಳಿಗ್ಗೆ ಚರ್ಚಿನಲ್ಲಿ ಕಾಫಿ ಕುಡಿಯೋಕೆ ಹೋಗ್ತಾರೆ. ಆಗ ಬಂದೆ. ಜೋಸಿ ಹತ್ರ ಇರೋ ಕೀಲಿ ತಗೊಂಡು, ಅವಳಿಗೂ ಹೇಳದೆ. ಅಕ್ಟೋಬರಿನಿಂದ ಎಲ್ಲಾ ಶನಿವಾರಾನೂ ಬರ್ತಿದ್ದೀನಿ."

"ಯಾತಕ್ಕೆ?"

"ಬಾಯ್ಲರಿನ ಬಿಸಿ ಇಳಿಸೋಕೆ."

"ಬಿಸಿ ಇಳಿಸೋಕಾ?" ಎಂದಳು ಮೆರಿಯಲ್.

"ಅತ್ತೆಗೆ ಎಷ್ಟು ಹೇಳಿದರೂ ಅಷ್ಟೇ ಮೇಡಂ. ಚಳಿ ಅನ್ನಿಸಿತೋ, ತಿರುಗಣೇನ ಕೊನೇವರೆಗೂ ತಿರುಗಿಸಿಬಿಡ್ತಾರೆ. ನೀರು ಕುದಿಯೋ ಹಾಗೆ ಹೋಗುತ್ತೆ, ಸುತ್ತಿ ವಾಪಸ್ ಬರುವಾಗಲೂ ಸುಡ್ತಾ ಇರುತ್ತೆ. ಈ ಬಾಯ್ಲರು ಹೊಗೆಯಲ್ಲಿರೋ ಹಬೆಯನ್ನೂ ಹಿಂಡಿ ಬಿಸಿ ತೆಗೆಯೋ ಜಾತೀದು. ಆದ್ರೆ ವಾಪಸ್ ಬರೋ ನೀರು ಸ್ವಲ್ಪ ತಣ್ಣಗಿದ್ದರೆ ತಾನೇ ಹಬೆ ಅಲ್ಲಿ ನೀರಾಗೋದು? ಇಲ್ಲದಿದ್ರೆ ಆ ಬಿಸಿಯೆಲ್ಲ ಹೊರಗೆ ಬೀದಿಗೆ. ಹದವಾಗಿ ಇಟ್ಟು ಹೆಚ್ಚು ಹೊತ್ತು ಉರಿಸಿ, ಮನೆ ಒಂದೇ ಸಮ ಬೆಚ್ಚಗಿರುತ್ತೆ, ಗ್ಯಾಸೂ ಉಳಿಯುತ್ತೆ ಅಂದ್ರೆ, 'ನನ್ನ ಮನೇಲಿ ನಾನು ನಡುಗಬೇಕಾ, ನಿನ್ನ ಹಬೆಗೋಸ್ಕರ?' ಅಂತಾರೆ."

"ಅದಕ್ಕೇ ಕ್ಲಬ್ಬಿನಲ್ಲಿ ಜಗಳ."

"ಅದಕ್ಕೇ. ಅದನ್ನ ಒಂದೇ ಸಮ ಕುದಿಸಿದ್ರೆ ಬೇಗ ಕೆಡುತ್ತೆ, ಇವರು ಜನವರೀಲಿ ಚಳಿಗೆ ಸಾಯ್ತಾರೆ ಅನ್ನೋ ಅರ್ಥದಲ್ಲಿ ಅಂದೆ. ಎರಡು ಪೈಂಟ್ ಬಿಯರ್ ಕುಡಿದಿದ್ದೆ. ಇನ್ನು ನಿಮ್ಮನೆ ಹೊಸಿಲು ತುಳಿಯಲ್ಲ ಅಂತ ಎಲ್ಲರೆದುರು ಅಂದೆ. ಅವರು ತುಳಿದರೆ ಕಾಲು ಮುರೀತೀನಿ ಅಂದ್ರು. ಶನಿವಾರ ಬಂತು. ಇಡೀ ವಾರ ಈ ಕೋಣೆ ತಣ್ಣಗಿರುತ್ತಲ್ಲಾ ಅಂತ ಮನಸ್ಸು ತಡೀಲಿಲ್ಲ. ಅವರು ಈ ರೇಡಿಯೇಟರನ್ನ ಮುಚ್ಚಿಟ್ಟುಬಿಡ್ತಾರೆ, ಮಲಗೋ ಕೋಣೆಗೆ ಶಾಖ ಬೇಡವಂತೆ. ನಾನು ಅರ್ಧ ತಿರುಗಿಸಿದೆ, ಗಾಳಿ ಬಿಟ್ಟೆ, ಕೆಳಗೆ ಬಿಸಿ ಇಳಿಸಿದೆ, ಹೋದೆ. ಕಳ್ಳನ ಹಾಗೆ."

ಮೆರಿಯಲ್‌ಗೆ ನಗು ಬಂತು. ಮಾತು ಕೊಟ್ಟಿದ್ದಳಾದ್ದರಿಂದ ಕಿಟಕಿಯಾಚೆ ನೋಡಿದಳು. "ಇಷ್ಟನ್ನ ಭಾನುವಾರವೇ ಯಾಕೆ ಹೇಳಲಿಲ್ಲ?"

"ಯಾಕೆ ಅಂದ್ರೆ?" ವಾರೆನ್ ಇತ್ತ ತಿರುಗಿದ. "ಶನಿವಾರ ನಾನು ಮುಟ್ಟಿದ್ದೀನಿ, ಭಾನುವಾರ ಅವರು ಬಿದ್ದಿದ್ದಾರೆ. ಎಲ್ಲೋ ಏನೋ ಸಡಿಲ ಬಿಟ್ಟಿರಬೇಕು ನಾನೇ ಅಂದುಕೊಂಡೆ. ಮಲಗಿದ್ರೆ ಕಣ್ಣಮುಂದೆ ಅದೇ, ಒಂದೊಂದು ಜೋಡಣೇನೂ ಬಿಗೀತಾ ಇದ್ದೆ. ಅವರನ್ನ ಕೊಂದುಬಿಟ್ಟೆ ಅಂತ ಜೋಸಿಗೆ ಹೇಗೆ ಹೇಳಲಿ?"

ಮೆರಿಯಲ್ ಎದ್ದು ನಿಂತಳು. ನಂಬಿದಳು. ಆದರೂ ಕೇಳಿದಳು, ಕೇಳಬೇಕಾದ ಪ್ರಶ್ನೆ: "ಶನಿವಾರ ಇಲ್ಲಿ ಏನಾದರೂ ವಿಚಿತ್ರ ಕಂಡಿತಾ? ಚಿಕ್ಕದಾದರೂ ಸರಿ."

ವಾರೆನ್ ಯೋಚಿಸಿದ. "ವಿಚಿತ್ರ ಅಂತಲ್ಲ. ಮಂಚದ ಹಿಂದೆ ಕೊಳವೆ ಸೋರ್ತಿದೆಯಾ ಅಂತ ಬಗ್ಗಿ ಕೈ ಹಾಕಿದೆ. ಗೋಡೆ ಬೆಚ್ಚಗಿತ್ತು. ಆಗಿನ್ನೂ ರೇಡಿಯೇಟರ್ ತಣ್ಣಗೇ ಇತ್ತು. ಕೊಳವೆ ಹತ್ತಿರದಲ್ಲಿದೆ, ಅದರ ಬಿಸಿ ಇರಬೇಕು ಅಂದುಕೊಂಡೆ."

"ಆ ಗೋಡೆಯಲ್ಲಿ ಕೊಳವೆ ಇದೆಯಾ?"

ಈ ಮನೆಯ ಒಂದೊಂದು ಕೊಳವೆಯನ್ನೂ ಎಳೆದವನು ಅವನು.

"ಇಲ್ಲ," ಎಂದ. "ಆ ಕಡೆ ಒಂದೂ ಇಲ್ಲ."

ಮೆರಿಯಲ್ ಕೈಗವಸು ಕಿತ್ತೆಸೆದು ಮಂಚದ ತಲೆಭಾಗದ ಹಿಂದೆ ಅಂಗೈ ತೂರಿಸಿದಳು. ತೆರೆದ ಕಿಟಕಿಯಿಂದ ಹಿಮಗಾಳಿ ಬೀಸುತ್ತಿತ್ತು. ನಾಲ್ಕು ದಿನದಿಂದ ಬೆಂಕಿ ಕಾಣದ ಮನೆ. ಕೆಳಗೆ ಈಗಷ್ಟೇ ಹಚ್ಚಿದ ಬಾಯ್ಲರಿನ ಬಿಸಿನೀರು ಇನ್ನೂ ಮಹಡಿ ಮುಟ್ಟಿರಲಿಲ್ಲ.

ಗೋಡೆ ಬೆಚ್ಚಗಿತ್ತು.

*

ಗ್ವೆನ್ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು. ಒಲೆಗೆ ಹೊಡೆದ ಹಲಗೆಯ ಬಿರುಕಿಗೆ ಮೀಟರ್ ಹಿಡಿದಳು. ಅಂಕಿ ಏರಿತು, ಏರುತ್ತಲೇ ಹೋಯಿತು. ಮೀಟರಿನ ಅಲಾರಂ ಕೂಗಿತು.

"ಎಲ್ಲರೂ ಕೆಳಗೆ, ಹೊರಗೆ," ಎಂದಳು. "ಕಿಟಕಿ ಹಾಗೇ ಇರಲಿ. ಭಾನುವಾರ ನಮ್ಮವರು ಕೋಣೆ ನಡುವೆ ಅಳೆದು ಹೋಗಿದ್ದಾರೆ, ಅಷ್ಟು ಹೊತ್ತಿಗೆ ಕಿಟಕಿ ತೆರೆದಾಗಿತ್ತು. ಇಲ್ಲಿ ಯಾರೂ ನೋಡಿಲ್ಲ."

"ಆ ಮುದುಕಿ ದಿಂಬು ಈ ಬಿರುಕಿನ ಪಕ್ಕಾನೇ ಇತ್ತು," ಎಂದಳು ಮೆರಿಯಲ್, ಮೆಟ್ಟಿಲಿಳಿಯುತ್ತ.

ಬೀದಿಯಲ್ಲಿ ನಿಂತು ಮೂವರೂ ಮೇಲೆ ನೋಡಿದರು. ಸಾಲಿನ ಎಲ್ಲ ಮನೆಗಳ ಮಾಡಿನ ಮೇಲೂ ಹಿಮ ದಪ್ಪಗೆ, ಒಂದೇ ಸಮ ಕೂತಿತ್ತು. ಒಂದು ಮನೆ ಬಿಟ್ಟು. ನೋರಾಳ ಎಡಗಡೆಯ ಮನೆಯ ಮಾಡಿನಲ್ಲಿ, ಎರಡು ಮನೆಗೂ ಸೇರಿದ ಚಿಮಣಿಯ ಸುತ್ತ, ಹಿಮ ಕರಗಿ ಕಪ್ಪು ಕಲ್ಲಿನ ಹಂಚು ಒದ್ದೆಯಾಗಿ ಹೊಳೆಯುತ್ತಿತ್ತು.

"ಅದು ಕ್ಲಿಫರ್ಡ್ ಆಗ್ಡೆನ್ ಮನೆ," ಎಂದ ವಾರೆನ್. "ಶರತ್ಕಾಲದಿಂದ ಬೀಗ. ಸ್ಪೇನಿನಲ್ಲಿ ಮಗಳ ಮನೇಲಿದ್ದಾರೆ. ಖಾಲಿ ಮನೆ ಅದು."

"ಖಾಲಿ ಮನೆ ಬೆಚ್ಚಗಿದೆ," ಎಂದಳು ಮೆರಿಯಲ್.

ಆ ಮಾತಿನ ಜೊತೆಗೇ ಇನ್ನೊಂದು ವಿಚಾರ ಬಂತು. ವಿಷ ಗೋಡೆ ದಾಟಿ ಈಚೆ ಬಂದಿದೆಯೆಂದರೆ ಆಚೆ ಎಷ್ಟಿರಬೇಡ? ಆಚೆ ಯಾರಾದರೂ ಇದ್ದಿದ್ದರೆ?

ಗ್ವೆನ್ ಆಗಲೇ ಆ ಮನೆಯ ಹೊರಗೋಡೆಯ ಗ್ಯಾಸ್ ಮೀಟರ್ ಪೆಟ್ಟಿಗೆ ತೆರೆದು ಗ್ಯಾಸ್ ನಿಲ್ಲಿಸಿಯಾಗಿತ್ತು. ಮುಖಕ್ಕೆ ಗಾಳಿ ಮುಖವಾಡ ಏರಿಸಿದಳು. ಮೆರಿಯಲ್ ಮೊಣಕೈಗೆ ಕೋಟು ಸುತ್ತಿಕೊಂಡು ಹಿಂಬಾಗಿಲಿನ ಗಾಜು ಒಡೆದು, ಒಳಗೆ ಕೈ ಹಾಕಿ ಚಿಲಕ ತೆಗೆದಳು.

"ನೀವಿಬ್ಬರೂ ಇಲ್ಲೇ," ಎಂದು ಗ್ವೆನ್ ಒಳಗೆ ನುಗ್ಗಿದಳು. ಒಂದೊಂದಾಗಿ ಕಿಟಕಿಗಳು ತೆರೆದುಕೊಂಡ ಸದ್ದು ಕೇಳಿಸಿತು. ಕೆಳಗೆ, ಆಮೇಲೆ ಮೇಲೆ.

ಮೆರಿಯಲ್ ಹಿಮದಲ್ಲಿ ನಿಂತು ಆ ಸದ್ದನ್ನೇ ಹಿಂಬಾಲಿಸುತ್ತಿದ್ದಳು.

ಮಹಡಿ ಕಿಟಕಿಯಿಂದ ಗ್ವೆನ್ ತಲೆ ಹೊರಹಾಕಿದಳು. ಮುಖವಾಡ ಎತ್ತಿದಳು.

"ಯಾರೂ ಇಲ್ಲ," ಎಂದಳು. "ಯಾವ ಕೋಣೆಯಲ್ಲೂ ಇಲ್ಲ. ಮಂಚದ ಕೆಳಗೂ ನೋಡಿದೆ."

ಮೆರಿಯಲ್ ಗೋಡೆಗೆ ಕೈಯೂರಿ ಉಸಿರು ಬಿಟ್ಟಳು. ಪಕ್ಕದಲ್ಲಿ ವಾರೆನ್ನೂ ಅದೇ ಮಾಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗಾಳಿಯಾಡಿ, ಮೀಟರ್ ತೆಪ್ಪಗಾದ ಮೇಲೆ ಅವರನ್ನು ಒಳಗೆ ಬಿಟ್ಟಳು ಗ್ವೆನ್. ಅಡುಗೆಮನೆಯ ಮೂಲೆಯಲ್ಲಿ ಬೀರುವಿನಷ್ಟು ದೊಡ್ಡ ಹಳೇ ಬಾಯ್ಲರ್ ನಿಂತಿತ್ತು. ಮನೆಯ ಗಾಳಿಯನ್ನೇ ಉಸಿರಾಡಿ, ಹೊಗೆಯನ್ನು ಚಿಮಣಿಗೆ ಬಿಡುವ ಕಾಲದ್ದು. ಗ್ವೆನ್ ಅದರ ಹಿಂದೆ, ಚಿಮಣಿಯ ಬುಡದಲ್ಲಿದ್ದ ಮಸಿ ತೆಗೆಯುವ ಬಾಗಿಲು ಎಳೆದಳು. ಒಣಕಡ್ಡಿ, ಮಸಿ, ಉಣ್ಣೆಯ ಚೂರು, ಒಡೆದ ಇಟ್ಟಿಗೆ ಗಾರೆ ಎಲ್ಲ ರಾಶಿಯಾಗಿ ನೆಲಕ್ಕೆ ಸುರಿಯಿತು.

"ಕಾಗೆ ಜಾತಿಯ ಹಕ್ಕಿಗಳು," ಎಂದಳು. "ಹೋದ ವಸಂತದಲ್ಲಿ ಗೂಡು ಕಟ್ಟಿವೆ. ಹೊಗೆ ಮೇಲೆ ಹೋಗೋಕೆ ದಾರಿಯಿಲ್ಲ. ಎರಡು ಮನೆಯ ಹೊಗೆಗೂಡಿನ ಮಧ್ಯೆ ಇರೋದು ಒಂದೇ ಸಾಲು ಇಟ್ಟಿಗೆ, ಅದೂ ಈಚೆಗೆ ಉದುರಿಹೋಗಿದೆ. ಹೊಗೆ ಅತ್ತ ದಾರಿ ಹುಡುಕ್ಕೊಂಡಿತು."

"ಯಾರೂ ಬೇಕಂತ ಮಾಡಿದ್ದಲ್ಲ?"

"ಗೂಡಿಗೆ ಉಣ್ಣೆ ಹಾಸಿರೋ ಅಚ್ಚುಕಟ್ಟು ನೋಡಿ. ಮನುಷ್ಯರ ಕೆಲಸ ಅಲ್ಲ."

ವಾರೆನ್ ಅಷ್ಟರಲ್ಲಿ ಮನೆಯೆಲ್ಲ ಸುತ್ತಿ ರೇಡಿಯೇಟರುಗಳನ್ನು ಮುಟ್ಟಿ ಬಂದಿದ್ದ. ಹಳೇ ಗತ್ತು ಅರ್ಧ ಮರಳಿತ್ತು. "ಯಾವನೋ ತಲೆಕೆಟ್ಟವನು. ಮೇಲಿನ ಚಿಕ್ಕ ಕೋಣೇದು ಒಂದು ಬಿಟ್ಟು ಎಲ್ಲಾನೂ ಮುಚ್ಚಿದಾನೆ. ಇಷ್ಟು ದೊಡ್ಡ ಬಾಯ್ಲರಿಗೆ ಒಂದೇ ರೇಡಿಯೇಟರ್ ಕೊಟ್ರೆ ಏನಾಗುತ್ತೆ? ಹತ್ತಿದ ತಕ್ಷಣ ನೀರು ಕಾದುಬಿಡುತ್ತೆ, ಆರುತ್ತೆ. ಮತ್ತೆ ಹತ್ತುತ್ತೆ, ಆರುತ್ತೆ. ಚಿಮಣಿ ಸರಿಯಾಗಿ ಬಿಸಿಯಾಗೋದೇ ಇಲ್ಲ, ಹೊಗೆ ಮೇಲೆ ಎಳೆಯೋದೂ ಇಲ್ಲ. ಉಳಿತಾಯ ಅಂದುಕೊಂಡಿರ್ತಾನೆ. ಒಂದು ಕೋಣೆ ಬೆಚ್ಚಗೆ ಮಾಡೋಕೆ ಎರಡು ಮನೇಗಾಗೋ ಗ್ಯಾಸ್ ಸುಟ್ಟಿದಾನೆ."

ಆ ಚಿಕ್ಕ ಕೋಣೆಯಲ್ಲಿ ಒಂದು ಕುರ್ಚಿ, ಮಡಿಸಿಟ್ಟ ಕಂಬಳಿ, ತೊಳೆದ ಒಂದು ಲೋಟ ಇದ್ದವು. ಗ್ವೆನ್ ಒಳಹೊಕ್ಕಾಗಲೇ ಅಲ್ಲಿನ ಕಿಟಕಿ ಬೆರಳಷ್ಟು ತೆರೆದಿತ್ತಂತೆ. ಇದ್ದವರನ್ನು ಬದುಕಿಸಿದ್ದು ಆ ಬೆರಳಗಲದ ಗಾಳಿಯೇ ಎಂದಳು ಗ್ವೆನ್.

ಮನೆಯಿಲ್ಲದ ಯಾವ ಬಡಪಾಯಿಯೋ, ಎಂದುಕೊಂಡಳು ಮೆರಿಯಲ್. ಚಳಿ ತಡೆಯಲಾರದೆ ಖಾಲಿ ಮನೆ ಹೊಕ್ಕಿದ್ದಾರೆ, ಭಾನುವಾರ ಆಂಬುಲೆನ್ಸ್ ಕಂಡು ಹೆದರಿ ಓಡಿದ್ದಾರೆ. ಅವರನ್ನು ಹುಡುಕಬೇಕು, ಆಸ್ಪತ್ರೆಗೆ ತೋರಿಸಬೇಕು. ಶಿಕ್ಷೆ ಕೊಡಿಸುವ ಮನಸ್ಸು ಅವಳಿಗಿರಲಿಲ್ಲ.

*

ಜೋಸಿಯ ಕಾರು ಬೀದಿಯ ಹಿಮದಲ್ಲಿ ಓರೆಯಾಗಿ ಬಂದು ನಿಂತಿತು. ಬಾಗಿಲು ಮುಚ್ಚುವುದನ್ನೂ ಮರೆತು ಓಡಿಬಂದಳು. ಚಿಕ್ಕ ಆಳು, ತಾಯಿಯದೇ ಚೂಪು ಗದ್ದ. ಹಿತ್ತಲಲ್ಲಿ ನಿಂತಿದ್ದ ಗಂಡನನ್ನು ನೋಡಿದಳು, ಅವನ ಪಕ್ಕದ ಪೊಲೀಸಿನವಳನ್ನು ನೋಡಿದಳು, ಅಲ್ಲೇ ನಿಂತುಬಿಟ್ಟಳು.

"ಅಮ್ಮ ಕಣ್ಣು ಬಿಟ್ಟಳು," ಎಂದಳು.

ವಾರೆನ್ ಅವಳತ್ತ ಎರಡು ಹೆಜ್ಜೆ ಹಾಕಿದ.

"ಟೋಸ್ಟ್ ಕೇಳಿದ್ಲು. ತಂದುಕೊಟ್ಟ ಹುಡುಗಿಗೆ ಸೀದಿದೆ ಅಂತ ವಾಪಸ್ ಕಳಿಸಿದ್ಲು." ಜೋಸಿ ಅಳುತ್ತಿದ್ದಳು, ನಗುತ್ತಲೂ ಇದ್ದಳು. "ವಾರೆನ್, ಅವಳು ಮೊದಲು ಆಡಿದ ಮಾತು ಏನು ಗೊತ್ತಾ? 'ಶನಿವಾರ ನಿನ್ನ ಗಂಡ ಮತ್ತೆ ಬಂದು ನನ್ನ ಬಾಯ್ಲರ್ ಬಿಸಿ ಇಳಿಸಿ ಹೋಗಿದಾನೆ' ಅಂತ."

"ಗೊತ್ತಿತ್ತಾ ಅವರಿಗೆ?"

"ಅಕ್ಟೋಬರಿನಿಂದ ಗೊತ್ತಂತೆ. ನೀನು ಹೋದ ತಕ್ಷಣ ಮತ್ತೆ ಏರಿಸ್ತಿದ್ಲಂತೆ. ಬರೋದನ್ನ ನಿಲ್ಲಿಸಿಬಿಡ್ತೀಯ ಅಂತ ಹೇಳಲಿಲ್ವಂತೆ."

ವಾರೆನ್ ಹೆಂಡತಿಯನ್ನು ತಬ್ಬಿಕೊಂಡ. ಅವಳ ಟೋಪಿ ಹಿಮಕ್ಕೆ ಬಿತ್ತು. ಯಾರೂ ಎತ್ತಲಿಲ್ಲ.

ಗ್ವೆನ್ ತನ್ನ ಸಾಮಾನು ಕಟ್ಟುತ್ತ, ಮೂಗು ಒರೆಸಿಕೊಳ್ಳುವ ನೆಪದಲ್ಲಿ ಅತ್ತ ತಿರುಗಿದಳು.

ಜೋಸಿ ಕೇಳಲಿಲ್ಲ, ಎಲ್ಲರನ್ನೂ ಎದುರು ಸಾಲಿನ ತನ್ನ ಮನೆಗೆ ಎಳೆದುಕೊಂಡು ಹೋದಳು. ಬಿಸಿ ಬಿಸಿ ಚಹಾ, ಶುಂಠಿ ಹಾಕಿದ ಪಾರ್ಕಿನ್ ಕೇಕು. ಮೆರಿಯಲ್ ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತಳು. ವಾರದಿಂದ ಮೈಯಲ್ಲಿ ಕಟ್ಟಿಕೊಂಡಿದ್ದ ಚಳಿ ಒಂದೊಂದೇ ಮೂಳೆಯಿಂದ ಇಳಿಯಿತು. ಮೇಲಧಿಕಾರಿಗೆ ಫೋನ್ ಮಾಡಿ, ಕೇಸಿಲ್ಲ, ಅಪರಾಧಿಯಿಲ್ಲ, ಇರುವುದು ಹಕ್ಕಿಗೂಡು ಮಾತ್ರ ಎಂದಳು.

"ನಿಮ್ಮನೆ ಹೇಗಿದೆ ಮೇಡಂ?" ಎಂದ ವಾರೆನ್, ಎರಡನೇ ತುಂಡು ಕೇಕು ಬಾಯಿಗಿಡುತ್ತ. "ಬೆಚ್ಚಗಿರುತ್ತಾ?"

"ಬಾಡಿಗೆ ಮನೆ. ರೇಡಿಯೇಟರ್ ಕೆಳಗೆ ಬಿಸಿ, ಮೇಲೆ ತಣ್ಣಗೆ."

"ಗಾಳಿ ತುಂಬಿದೆ. ಭಾನುವಾರ ಬರ್ತೀನಿ. ಕೀಲಿ ನನ್ನ ಹತ್ರಾನೇ ಇದೆ."

"ಬಾಗಿಲು ತಟ್ಟಿ ಬನ್ನಿ," ಎಂದಳು ಮೆರಿಯಲ್. ಜೋಸಿ ನಕ್ಕಳು. ಗ್ವೆನ್ ಕೂಡ.

ಉಳಿದದ್ದು ಒಂದೇ ಕೆಲಸ. ಕ್ಲಿಫರ್ಡ್ ಆಗ್ಡೆನ್‌ಗೆ ಅವನ ಮನೆಯ ಗಾಜು ಒಡೆದ ಸಂಗತಿ ತಿಳಿಸಬೇಕಿತ್ತು. ಜೋಸಿ ಹತ್ತಿರ ನಂಬರ್ ಇತ್ತು. ಮೆರಿಯಲ್ ಫೋನ್ ಹಿಡಿದು ಹಜಾರಕ್ಕೆ ಬಂದಳು.

ಮುದುಕ ಬೇಗನೇ ಎತ್ತಿಕೊಂಡ. ಹಿಂದೆ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ಅವಳು ಹ್ಯಾಲಿಫ್ಯಾಕ್ಸ್ ಪೊಲೀಸಿನಿಂದ ಎಂದಷ್ಟೇ ಹೇಳಿ, ವಿಷಯ ತಿಳಿಸಿದಳು. ನೋರಾ ಉಳಿದಳೆಂದಾಗ ಅವನು ದೇವರನ್ನು ನೆನೆದ.

"ನನ್ನ ಬಾಯ್ಲರಿನಿಂದಲಾ? ಆದ್ರೆ ನಾನು ಆರಿಸಿ ಬಂದಿದ್ದೆ ಕಣಮ್ಮಾ. ಗ್ಯಾಸಿನ ಮೇನ್ ಕೂಡ ಮುಚ್ಚಿದ್ದೆ."

"ಯಾರೋ ಒಳಗೆ ಸೇರಿಕೊಂಡಿದ್ದರು. ಕಿಟಕಿ ಏನಾದರೂ ತೆರೆದಿಟ್ಟಿದ್ರಾ? ಬಾಗಿಲು, ಬೀಗ ಎಲ್ಲ ನಾವು ಒಡೆಯೋವರೆಗೂ ಸರಿಯಾಗಿದ್ದವು."

"ಹಾಗಾದ್ರೆ ಕೀಲಿ ಇದ್ದವರೇ ಹೋಗಿರಬೇಕು. ಅದು ನಿಮ್ಮ ಹತ್ರಾನೇ ಇದೆಯಲ್ಲಾ?"

"ನಮ್ಮ ಹತ್ತಿರ?"

"ನಿಮ್ಮ ಪೊಲೀಸರ ಹತ್ರ. ನಾನು ಹೊರಡೋ ಮುಂಚೆ, ಅಕ್ಟೋಬರಿನಲ್ಲಿ, ಒಬ್ಬಳು ಬಂದಿದ್ಲು. ಖಾಲಿ ಮನೆಗಳಿಗೆ ಕಳ್ಳರು ನುಗ್ತಿದಾರೆ, ಕೀಲಿ ಕೊಟ್ಟರೆ ಆಗಾಗ ನೋಡ್ಕೊಳ್ತೀವಿ ಅಂದ್ಲು. ಕಾರ್ಡೂ ತೋರಿಸಿದ್ಲು. ಒಳ್ಳೇ ಹುಡುಗಿ, ಕೂತು ಚಹಾ ಕುಡಿದು ಹೋದಳು."

ಹಜಾರ ಬೆಚ್ಚಗಿತ್ತು. ಒಳಗೆ ವಾರೆನ್ ಏನೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ.

"ಅವಳ ಹೆಸರು ನೆನಪಿದೆಯಾ?"

"ಮರೆಯೋ ಹೆಸರಲ್ಲ, ನನ್ನ ಹೆಂಡತಿ ತವರಿನ ಹೆಸರು ಅದು. ಬ್ಯಾರಕ್ಲಫ್. ಸಾರ್ಜೆಂಟ್ ಮೆರಿಯಲ್ ಬ್ಯಾರಕ್ಲಫ್."

ಅಕ್ಟೋಬರಿನಲ್ಲಿ ಮೆರಿಯಲ್ ದೂರದ ಹಲ್ ಬಂದರಿನ ಠಾಣೆಯಲ್ಲಿದ್ದಳು. ಈ ಊರಿಗೆ ಅಲ್ಲಿಯವರೆಗೆ ಕಾಲಿಟ್ಟವಳೇ ಅಲ್ಲ. ಇಲ್ಲಿಗೆ ವರ್ಗವಾಗುತ್ತದೆಂದು ಆಗಿನ್ನೂ ಅವಳಿಗೇ ಯಾರೂ ಹೇಳಿರಲಿಲ್ಲ.

"ಹಲೋ?" ಎಂದ ಮುದುಕ. "ಇದ್ದೀಯೇನಮ್ಮಾ? ಅವಳು ನಿಮ್ಮ ಠಾಣೇಲೇ ಇರಬೇಕಲ್ಲ, ಕೇಳಿ ನೋಡು."